ಕಲ್ಲಿನ ಸರ್ ಮತ್ತು ಹತ್ತನೆಯ ಹುಡುಗಿ

ನಮ್ಮ ಸರ್ ಕಲ್ಲು ನೆಕ್ಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಳಕಲ್ಲಿನಲ್ಲಿ ಅವರನ್ನು ಬಲ್ಲ ಯಾರನ್ನೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ರಸ್ತೆಯ ಬದಿಗೆ ಒಂದು ತುಂಡು ಕಲ್ಲು ಕಂಡರೆ ಬಗ್ಗಿ ಎತ್ತಿಕೊಂಡು, ಅಂಗಿಯ ತೋಳಿಗೆ ಒರೆಸಿ, ನಾಲಿಗೆಯ ತುದಿಯಿಂದ ಒಮ್ಮೆ ಸವರಿ, ಬಿಸಿಲಿಗೆ ಹಿಡಿದು ನೋಡುವರು. ಒದ್ದೆಯಾದ ಕಲ್ಲಿನಲ್ಲಿ ಹರಳುಗಳು ಎದ್ದು ಕಾಣುತ್ತವೆ, ಒಣಗಿದ್ದರಲ್ಲಿ ಕಾಣುವುದಿಲ್ಲ. ಕಾರಣ ಇಷ್ಟೇ. ಭೂವಿಜ್ಞಾನ ಓದಿದವರು ಎಷ್ಟೋ ಜನ ಹೀಗೆ ಮಾಡುತ್ತಾರೆ. ನಾನೂ ಮಾಡುತ್ತೇನೆ, ಆದರೆ ಹತ್ತಿರದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು. ಸರ್‌ಗೆ ಅಂಥ ನಾಚಿಕೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೆಕ್ಕಿದ್ದಾರೆ, ಮದುವೆ ಮನೆಯ ಅಂಗಳದಲ್ಲಿ ನೆಕ್ಕಿದ್ದಾರೆ, ಒಮ್ಮೆ ಯಾರದೋ ಹೊಸ ಮನೆಯ ಪೂಜೆಗೆ ಹೋದವರು ಅರಿಷಿಣ ಕುಂಕುಮ ಹಚ್ಚುವ ಮೊದಲೇ ಅಡಿಗಲ್ಲಿಗೆ ನಾಲಿಗೆ ಹಚ್ಚಿ ಬಂದಿದ್ದರು.

ಅವರ ಇನ್ನೊಂದು ಗುರುತು ಕಿಸೆ. ಕಲ್ಲು ಹೊತ್ತು ಹೊತ್ತು ಅಂಗಿಯ ಕಿಸೆಗಳು ಬೇಗ ಹರಿಯುತ್ತಿದ್ದವು. ಅವರ ಮನೆಯವರು ಗುಳೇದಗುಡ್ಡದ ನೇಕಾರರ ಮಗಳು. ನಾವು ಅವರನ್ನು ಅಕ್ಕಾವ್ರು ಎನ್ನುತ್ತಿದ್ದೆವು. ಕುಪ್ಪಸಕ್ಕೆ ನೇಯುವ ಖಣದ ಬಟ್ಟೆ ಎಷ್ಟು ಗಟ್ಟಿ ಎಂಬುದು ಅವರಿಗೆ ತವರಿನಿಂದಲೇ ಗೊತ್ತು. ಹಾಗಾಗಿ ಸರ್ ಅವರ ಎಲ್ಲ ಅಂಗಿಗಳ ಕಿಸೆಗೂ ಒಳಗಿನಿಂದ ಖಣದ ಅಸ್ತರು ಕೂಡಿಸಿದ್ದರು. ಬಿಳಿ ಅಂಗಿ, ಗಂಭೀರ ಮುಖ, ಪಾಠದ ನಡುವೆ ಕಿಸೆಯಿಂದ ಕಲ್ಲು ತೆಗೆಯುವಾಗ ಅದರ ಜೊತೆಗೆ ಇಣುಕುವ ಕೆಂಪು ಹಸಿರು ಖಣ. ಹಿಂದಿನ ಬೆಂಚಿನ ಹುಡುಗರು ನಗು ತಡೆಯಲು ಪಡುತ್ತಿದ್ದ ಪಾಡು ಹೇಳತೀರದು. ಸರ್ ಮಾತ್ರ ಅಕ್ಕಾವ್ರ ಹೊಲಿಗೆಯನ್ನು ನಮಗೆಲ್ಲ ಹೊರಳಿಸಿ ತೋರಿಸಿ, ಇಷ್ಟು ಭಾರ ತಡೆಯುವ ಬಟ್ಟೆ ಬೇರೆ ಯಾವುದೈತಿ ಹೇಳ್ರಿ ನೋಡೋಣು ಎಂದು ಹೆಮ್ಮೆ ಪಡುತ್ತಿದ್ದರು.

ಇಳಕಲ್ಲಿನ ಕಾಲೇಜೊಂದರಲ್ಲಿ ಅವರು ಭೂವಿಜ್ಞಾನದ ಅಧ್ಯಾಪಕರು. ಇಡೀ ವಿಭಾಗಕ್ಕೆ ಅವರೊಬ್ಬರೇ. ಊರಿನವರ ಬಾಯಲ್ಲಿ ಅವರು ಕಲ್ಲಿನ ಸರ್. ಹೊರಗಿನವರು ಕೇಳಿದರೆ, ಇಳಕಲ್ಲಿನಲ್ಲಿ ಕಲ್ಲು ಓದುವವರಿಗೇನು ಕಡಿಮೆ ಎಂದುಕೊಳ್ಳಬಹುದು. ಗುಲಾಬಿ ಬಣ್ಣದ ನಮ್ಮ ಗ್ರಾನೈಟು ಎಲ್ಲೆಲ್ಲಿಗೋ ಹೋಗಿ ಯಾರ್ಯಾರದೋ ಮನೆಯ ನೆಲವಾಗುತ್ತದೆ. ಆದರೆ ಕ್ವಾರಿಯವರ ಮಕ್ಕಳು ಬಿ.ಕಾಂ. ಸೇರುತ್ತಿದ್ದರು, ಸೀರೆ ಅಂಗಡಿಯವರ ಮಕ್ಕಳೂ ಬಿ.ಕಾಂ. ಸೇರುತ್ತಿದ್ದರು, ಏನೂ ಇಲ್ಲದವರ ಮಕ್ಕಳು ಬಿ.ಎ. ಮಾಡಿ ಬಿ.ಎಡ್. ಕಡೆಗೆ ಹೊರಡುತ್ತಿದ್ದರು. ವಿಜ್ಞಾನ ತೆಗೆದುಕೊಂಡ ನಾಲ್ಕಾರು ಮಂದಿಯೂ ಗಣಿತ ಇಲ್ಲವೆ ಜೀವಶಾಸ್ತ್ರದ ಕಡೆಗೆ ಜಾರುವರು. ಮೊದಲ ವರ್ಷಕ್ಕೆ ಹತ್ತು ಮಂದಿ ಬಾರದಿದ್ದರೆ ಭೂವಿಜ್ಞಾನ ಮುಚ್ಚುತ್ತೇವೆ ಎಂದು ಆಡಳಿತ ಮಂಡಳಿ ಹೇಳಿತ್ತು. ಆ ಹತ್ತು ತಲೆಗಳಿಗಾಗಿ ಸರ್ ಪ್ರತಿ ವರ್ಷ ಪಿ.ಯು.ಸಿ. ಫಲಿತಾಂಶ ಬಂದ ಮರುದಿನವೇ ಸ್ಕೂಟರ್ ಹತ್ತುತ್ತಿದ್ದರು.

ಹುನಗುಂದ, ಗುಡೂರು, ಅಮೀನಗಡ, ನಡುವಿನ ಹಳ್ಳಿಗಳು, ಎಲ್ಲ ಕಡೆಗೂ ಹೋಗುವರು. ಹುಡುಗ ಪಾಸಾಗಿದ್ದಾನೆಂದು ಕೇಳಿದರೆ ಸಾಕು, ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡುವರು. ತಂದೆ ತಾಯಿ ಕೇಳುವುದು ಒಂದೇ ಪ್ರಶ್ನೆ, ಇದನ್ನ ಓದಿದರೆ ನೌಕರಿ ಸಿಗುತ್ತದೆಯೇ ಎಂದು. ಇಲ್ಲಿ ನಮ್ಮ ಸರ್ ಎಡವುತ್ತಿದ್ದರು. ಸಿಗಬಹುದು, ಸಿಗದೆಯೂ ಇರಬಹುದು, ಸಿಕ್ಕರೂ ತಡವಾಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವರು. ಕೇಳಿದವರು ಚಹಾ ಕುಡಿಸಿ ಕಳಿಸುವರು. ವಾಣಿಜ್ಯ ವಿಭಾಗದ ಅಧ್ಯಾಪಕರೊಬ್ಬರು, ಒಂದೀಟು ಬಣ್ಣ ಹಚ್ಚಿ ಹೇಳೋದು ಕಲೀರಿ ಎಂದು ಎಷ್ಟೋ ಸಲ ಬುದ್ಧಿ ಹೇಳಿದ್ದರಂತೆ. ಸರ್ ನಕ್ಕು, ಕಲ್ಲಿಗೆ ಅವಸರ ಇಲ್ಲ ಎನ್ನುವರು. ಇದು ಅವರ ಕಾಯಂ ಮಾತು. ಬಸ್ ತಪ್ಪಿದರೂ ಅದೇ, ಪಗಾರ ತಡವಾದರೂ ಅದೇ.

ನಾನು ಆ ಹತ್ತರಲ್ಲಿ ಒಬ್ಬಳಾದದ್ದು ಅವರ ಮಾತಿನಿಂದಲ್ಲ, ಅವರ ಸುತ್ತಿಗೆಯಿಂದ. ನಮ್ಮದು ಗುಡೂರು. ಒಂದಿಷ್ಟು ಒಣ ಹೊಲ, ಒಂದಿಷ್ಟು ಕುರಿ, ಮನೆದೇವರು ಬೀರಪ್ಪ. ಆ ವರ್ಷ ಸರ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮೂರ ಗುಡ್ಡಕ್ಕೆ ಬಂದಿದ್ದರು. ಬನ್ನಿಗಿಡದ ಬುಡದಲ್ಲಿದ್ದ ಒಂದು ಕಲ್ಲು ಅವರಿಗೆ ಭಾಳ ಹಿಡಿಸಿತಂತೆ. ಹರಳು ದೊಡ್ಡವು, ಬಣ್ಣ ಚೊಕ್ಕ. ಸುತ್ತಿಗೆಯಿಂದ ಒಂದೇ ಏಟು ಹೊಡೆದು ಮೂಲೆಯ ಚಕ್ಕೆಯನ್ನು ಎಬ್ಬಿಸಿದರು, ನೆಕ್ಕಿದರು, ಹುಡುಗರಿಗೆ ತೋರಿಸಿದರು. ಅದು ನಮ್ಮ ಬೀರಪ್ಪ. ಹಿಂದಿನ ದಿನ ಮಳೆ ಬಿದ್ದು ಮೈಮೇಲಿನ ಭಂಡಾರವೆಲ್ಲ ತೊಳೆದುಹೋಗಿತ್ತು. ಭಂಡಾರದ ಅರಿಷಿಣ ಇಲ್ಲದಿದ್ದರೆ ಗೊತ್ತಿಲ್ಲದವರಿಗೆ ಅದು ಗುಡ್ಡದ ಕಲ್ಲೇ. ಆಚೆ ಕುರಿ ಮೇಯಿಸುತ್ತಿದ್ದ ನಮ್ಮಪ್ಪ ನೋಡಿಬಿಟ್ಟ.

ಅರ್ಧ ಊರು ಗುಡ್ಡ ಹತ್ತಿತು. ಹುಡುಗರು ಹೆದರಿ ಟೆಂಪೋದೊಳಗೆ ಹೊಕ್ಕರು. ಸರ್ ಓಡಲಿಲ್ಲ, ವಾದವನ್ನೂ ಮಾಡಲಿಲ್ಲ. ಬೂಟು ಕಳಚಿ ಪಕ್ಕಕ್ಕಿಟ್ಟು, ತಪ್ಪಾತು, ಏನು ಮಾಡಬೇಕು ಹೇಳ್ರಿ ಎಂದು ಕೈಮುಗಿದು ನಿಂತರು. ಪೂಜಾರಿ ಅಜ್ಜ ಯೋಚನೆ ಮಾಡಿದ. ಕಾಯಿ ಒಡೆಸಿದ, ಸರ್ ಹಣೆಗೂ ಸುತ್ತಿಗೆಗೂ ಭಂಡಾರ ಬಳಿದ. ಆದರೆ ಒಡೆದ ಚಕ್ಕೆಯನ್ನು ಮತ್ತೆ ಹಚ್ಚುವ ಹಾಗಿಲ್ಲ, ಬಿಸಾಡುವ ಹಾಗಂತೂ ಇಲ್ಲ. ಅದು ಈಗ ಎಲ್ಲಿಗೆ ಹೊರಟಿದೆಯೋ ಅಲ್ಲಿಗೇ ಹೋಗಲಿ, ಆದರೆ ವಾರಕ್ಕೊಮ್ಮೆ ಅದಕ್ಕೆ ಭಂಡಾರ ಬೀಳಬೇಕು ಎಂದ. ಕಾಲೇಜಿನಲ್ಲಿ ಭಂಡಾರ ಹಾಕುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸರ್ ತಾವೇ ಹಾಕುತ್ತೇನೆ ಅಂದರು. ಅವರ ಮೇಲೆ ಆ ಹೊತ್ತಿಗೆ ಯಾರಿಗೂ ಅಷ್ಟು ನಂಬಿಕೆ ಇರಲಿಲ್ಲ.

ಆಗ ನಮ್ಮಪ್ಪ ಮುಂದೆ ಬಂದು ಹೇಳಿದ: "ದೇವ್ರು ಸಾಲಿಗೆ ಹೊಂಟಾನ್ರಿ ಸರ್ರ. ಒಬ್ಬಾವನ್ನ ಕಳಸಾಕ ಬರಂಗಿಲ್ಲ. ನಮ್ಮ ಹುಡುಗಿ ಈ ವರ್ಷ ಪಿ.ಯು.ಸಿ. ಪಾಸಾಗೇತಿ, ಕರಕೊಂಡ ಹೋಗ್ರಿ."

ಹೀಗೆ ನನ್ನ ಡಿಗ್ರಿಯ ವಿಷಯ ತೀರ್ಮಾನವಾಯಿತು. ನಾನು ಆಗ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಗೆಳತಿಯ ಜೊತೆ ಬಿ.ಎ. ಸೇರಿ, ಬಿ.ಎಡ್. ಮಾಡಿ, ಕನ್ನಡ ಟೀಚರ್ ಆಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅಪ್ಪ ಬಂದು ಹೇಳಿದಾಗ ನಾನು ಏನೂ ಅನ್ನಲಿಲ್ಲ. ದೇವರ ಕೆಲಸಕ್ಕೆ ಒಲ್ಲೆ ಅನ್ನುವುದು ಹೇಗೆ? ಸರ್ ಕೂಡ ಅಂಗಳದಲ್ಲಿ ನಿಂತು ನನ್ನನ್ನೊಮ್ಮೆ ನೋಡಿದರು, ಹಣೆಯ ಭಂಡಾರ ಮುಟ್ಟಿಕೊಂಡರು, ಆ ವರ್ಷದ ಹತ್ತು ಭರ್ತಿಯಾಯಿತೆಂದು ಖುಷಿಯಿಂದ ಟೆಂಪೋ ಹತ್ತಿದರು.

ಪ್ರಯೋಗಶಾಲೆಯ ಕಪಾಟಿನಲ್ಲಿ ಬೀರಪ್ಪನಿಗೆ ಒಂದು ಖಾನೆ ಸಿಕ್ಕಿತು. ಪ್ರತಿ ಸೋಮವಾರ ಪ್ರಾಕ್ಟಿಕಲ್‌ಗೆ ಮೊದಲು ನಾನು ಚಿಟಿಕೆ ಭಂಡಾರ ಹಾಕುತ್ತಿದ್ದೆ. ಉಳಿದ ಕಲ್ಲುಗಳಿಗೆ ಹಚ್ಚಿದ ಹಾಗೆ ಅದಕ್ಕೂ ಸರ್ ಒಂದು ಚೀಟಿ ಹಚ್ಚಿದ್ದರು: ಬೀರಪ್ಪ, ಗುಡೂರು, ಗ್ರಾನೈಟ್. ಮೂರನೆಯ ವರ್ಷದ ಪರೀಕ್ಷೆಗೆ ಧಾರವಾಡದಿಂದ ಬಂದ ಪರೀಕ್ಷಕರು ಚೀಟಿ ಓದುವ ಮೊದಲೇ ಕಲ್ಲನ್ನು ಎತ್ತಿಕೊಂಡು ನೆಕ್ಕಿಬಿಟ್ಟರು. ಹಳದಿ ನಾಲಿಗೆಯಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಗಂಧಕ ಐತೇನು ಎಂದು. ಇಲ್ರಿ, ಅರಿಷಿಣ ಐತಿ ಅಂದೆ. ಸರ್ ಗೋಡೆಯ ಕಡೆ ಮುಖ ಮಾಡಿ ನಿಂತರು, ಭುಜ ಮಾತ್ರ ಕುಣಿಯುತ್ತಿದ್ದವು. ಡಿಗ್ರಿ ಮುಗಿದ ಮೇಲೆ ಅಪ್ಪನೂ ಪೂಜಾರಿ ಅಜ್ಜನೂ ಡೊಳ್ಳು ಸಮೇತ ಕಾಲೇಜಿಗೆ ಬಂದು ದೇವರನ್ನು ಊರಿಗೆ ಕರೆದೊಯ್ದರು. ಇದು ಯಾವುದೋ ಸಾಂಸ್ಕೃತಿಕ ಕಾರ್ಯಕ್ರಮ ಎಂದುಕೊಂಡ ಪ್ರಿನ್ಸಿಪಾಲರು ಹೊರಗೆ ಬಂದು ಎರಡು ಮಾತು ಭಾಷಣ ಮಾಡಿದರು.

ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ನನಗೆ ಭೂವಿಜ್ಞಾನ ಎಂದರೆ ಶಿಕ್ಷೆ. ಆಮೇಲೆ ಒಂದು ದಿನ ಸರ್ ನಮ್ಮನ್ನು ಇಳಕಲ್ಲಿನಿಂದ ಬಾದಾಮಿಗೆ ಸಾದಾ ಬಸ್ಸಿನಲ್ಲಿ ಕರೆದೊಯ್ದರು. ಕಿಟಕಿಯ ಕಡೆ ಕೂರಿಸಿ, ಹೊರಗೆ ನೆಲ ನೋಡ್ರಿ, ಸೀಟಿನ ಮುಂದಿರೋರ ತಲಿ ನೋಡಬ್ಯಾಡ್ರಿ ಅಂದರು. ನಮ್ಮ ಗುಲಾಬಿ ಗ್ರಾನೈಟಿನ ಗುಂಡುಗಳು ಮುಗಿದು, ಹೊಲದ ಮಣ್ಣು ಬಣ್ಣ ಬದಲಿಸಿ, ಬಾದಾಮಿ ಬರುವ ಹೊತ್ತಿಗೆ ಕೆಂಪು ಮರಳುಗಲ್ಲಿನ ಗೋಡೆಗಳು ಎದ್ದು ನಿಂತವು. ಆ ಗೋಡೆಯಲ್ಲಿ ಹಳೆಯ ಹೊಳೆಯ ನೀರು ಮರಳಿನ ಮೇಲೆ ಬಿಟ್ಟ ಅಲೆಯ ಗೆರೆಗಳನ್ನು ತೋರಿಸಿದರು. ಪ್ರವಾಸಿಗರೆಲ್ಲ ಗುಹೆಯ ಮೂರ್ತಿಗಳ ಫೋಟೋ ತೆಗೆಯುತ್ತಿದ್ದರೆ ನಾವು ಹತ್ತು ಮಂದಿ ಗುಹೆಗೆ ಬೆನ್ನು ಹಾಕಿ ಖಾಲಿ ಬಂಡೆಯನ್ನು ನೋಡುತ್ತ ನಿಂತಿದ್ದೆವು. ಆವತ್ತು ನನಗೆ ಅದು ಹಿಡಿಸಿತು. ಹುಟ್ಟಿದಾಗಿನಿಂದ ಕಾಲಡಿ ಇದ್ದ ನೆಲ ಮಾತಾಡಲು ಸುರು ಮಾಡಿದ ಹಾಗೆ ಆಯಿತು.

ಹಿಡಿಸುವುದು ಬೇರೆ, ಹೊಟ್ಟೆಗೆ ಹಿಟ್ಟು ಬೇರೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದೆ. ಬಿ.ಕಾಂ. ಮಾಡಿದ ಪಕ್ಕದ ಮನೆಯ ಹುಡುಗ ಬ್ಯಾಂಕ್ ಸೇರಿದ್ದ. ನನ್ನ ಗೆಳತಿ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿ ಸ್ಕೂಟಿಯಲ್ಲಿ ಓಡಾಡುತ್ತಿದ್ದಳು. ನಾನು ಇಳಕಲ್ಲಿನ ಒಂದು ಕ್ವಾರಿಗೆ ಕೆಲಸ ಕೇಳಿಕೊಂಡು ಹೋದೆ. ಮಾಲೀಕರು ಕುರ್ಚಿ ಹಾಕಿಸಿ, ಚಹಾ ತರಿಸಿ, ಹೆಣ್ಮಕ್ಕಳಿಗೆ ಇದು ಸರಿಯಾಗಂಗಿಲ್ಲವ್ವಾ ಎಂದು ಅತ್ಯಂತ ಮರ್ಯಾದೆಯಿಂದ ಹೊರಗೆ ಕಳಿಸಿದರು. ಮನೆಗೆ ಬರುವ ನೆಂಟರು ನನ್ನ ಓದಿನ ವಿಚಾರ ತೆಗೆದು, ಕಲ್ಲು ಒಡಿಯಾಕ ಇಷ್ಟು ಓದಬೇಕೇನು ಎಂದು ನಗುತ್ತಿದ್ದರು. ಒಂದು ವರ್ಷ ಹೋಯಿತು, ಇನ್ನೊಂದು ಹೋಯಿತು, ನೌಕರಿಯೂ ಇಲ್ಲ, ಅದಿಲ್ಲದ್ದಕ್ಕೆ ವರನೂ ಇಲ್ಲ.

ಆ ದಿನಗಳಲ್ಲಿ ಸರ್ ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಅವ್ವ ಬಾಗಿಲಲ್ಲೇ ನಿಂತು, ಮುಂದೇನ್ರಿ ಸರ್ರ ಎಂದು ಕೇಳಿದಳು. ಸರ್ ರೂಢಿಯ ಮೇಲೆ, ಕಲ್ಲಿಗೆ ಅವಸರ ಇಲ್ಲವ್ವಾ ಅಂದುಬಿಟ್ಟರು.

"ಕಲ್ಲಿಗಿಲ್ಲರಿ," ಅಂದಳು ಅವ್ವ, "ವಯಸ್ಸಿಗೆ ಬಂದ ಮಗಳಿಗೆ ಐತಿ."

ಸರ್ ಆ ಮಾತಿಗೆ ತಲೆ ಅಲ್ಲಾಡಿಸಿ ಹೋದರು. ಅದಾದ ಮೇಲೆ ಅವರು ಗುಡೂರಿಗೆ ಬಂದರೂ ನಮ್ಮ ಓಣಿಗೆ ಕಾಲಿಡುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದ ನೌಕರಿಯ ಜಾಹೀರಾತುಗಳನ್ನು ಕತ್ತರಿಸಿ, ಖಣದ ಕಿಸೆಯಲ್ಲಿ ಮಡಚಿ ತಂದು, ಊರ ಮುಂದಿನ ಚಹಾದಂಗಡಿಯಲ್ಲಿ ನಮ್ಮಪ್ಪನ ಕೈಗೆ ಕೊಟ್ಟು ಹಾಗೇ ಹಿಂದಿರುಗುವರು. ಅವ್ವನಿಗೆ ಅಂಜಿ ಹೀಗೆ ಮಾಡುತ್ತಾರೆಂದು ನಾನು, ಅಪ್ಪ ಎಷ್ಟು ನಕ್ಕಿದ್ದೇವೋ.

ಸುಮ್ಮನೆ ಕೂರಲಾರದೆ ನಾನು ಬೋರ್‌ವೆಲ್ ಪಾಯಿಂಟ್ ತೋರಿಸುವ ಕೆಲಸಕ್ಕೆ ಇಳಿದೆ. ನೆಲಕ್ಕೆ ಕರೆಂಟು ಬಿಟ್ಟು ಕೆಳಗೆ ನೀರು ಇರಬಹುದೇ ಎಂದು ಅಂದಾಜು ಮಾಡುವ ಯಂತ್ರವೊಂದನ್ನು ಸರ್ ಯಾರಿಂದಲೋ ಕೊಡಿಸಿದ್ದರು. ಹುನಗುಂದದ ಕಡೆಯ ಒಬ್ಬ ರೈತರು ನನ್ನನ್ನು ಕರೆಸಿದ ದಿನವೇ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ತೋರಿಸುವ ಅಜ್ಜನೊಬ್ಬನನ್ನೂ ಕರೆಸಿದ್ದರು. ನಾನು ಹೊಲದ ಬಡಗಣ ಮೂಲೆ ತೋರಿಸಿದೆ, ಅಜ್ಜನ ಕಾಯಿ ತೆಂಕಣ ಮೂಲೆಯಲ್ಲಿ ಎದ್ದು ನಿಂತಿತು. ರೈತರು ಸಜ್ಜನರು. ಹಿರಿಯನಿಗೂ ಬ್ಯಾಸರ ಆಗಬಾರದು, ಓದಿದ ಹುಡುಗಿಗೂ ಬ್ಯಾಸರ ಆಗಬಾರದು ಎಂದು ಸರಿಯಾಗಿ ನಡುವೆ ಅಳತೆ ಹಿಡಿದು ಕೊರೆಸಿದರು. ಧೂಳು ಬಂತು. ನಾನು, ಅಜ್ಜ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸಾದೆವು. ಇದನ್ನು ಸರ್‌ಗೆ ಹೇಳಿದಾಗ ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಇನ್ನೊಂದೀಟು ತಡಿಯವ್ವಾ ಅಂದು ಕನ್ನಡಕ ಒರೆಸಿಕೊಂಡರು.

ಕೊನೆಗೂ ಬಾಗಲಕೋಟೆಯಲ್ಲಿ ಅಂತರ್ಜಲ ಕಚೇರಿಯ ಕೆಲಸ ಸಿಕ್ಕಿತು. ಆದೇಶ ಕೈಗೆ ಬಂದ ದಿನ ಮೊದಲು ಓಡಿದ್ದು ಸರ್ ಹತ್ತಿರ. ಅವರು ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು ಹೇಳಿದೆ. ಕೈಯಲ್ಲಿದ್ದ ಕಲ್ಲನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ಇವತ್ತಿಗೆ ಸಾಕು ಹೋಗ್ರಿ ಎಂದು ಹುಡುಗರನ್ನು ಕಳಿಸಿದರು. ಆಮೇಲೆ ಮುಖ ತೊಳೆದುಕೊಂಡು ಬರುತ್ತೇನೆಂದು ಹೋದವರು ಬಹಳ ಹೊತ್ತು ಬರಲೇ ಇಲ್ಲ. ವಿದ್ಯಾರ್ಥಿಗೆ ಕೆಲಸ ಸಿಕ್ಕರೆ ಮೇಷ್ಟ್ರಿಗೆ ಸಂತೋಷವಾಗುವುದು ಇದ್ದದ್ದೇ ಎಂದುಕೊಂಡು ನಾನು ಪೇಢಾ ಹಂಚಿ ಬಂದೆ.

ವರ್ಷಗಳು ಉರುಳಿದವು. ಹತ್ತು ಮಂದಿಯನ್ನು ಕೂಡಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂತು. ಸರ್ ನಿವೃತ್ತಿಗೆ ಇನ್ನು ಎರಡು ವರ್ಷವಿದ್ದಾಗ ಆಡಳಿತ ಮಂಡಳಿ ಕಡೆಯ ಮಾತು ಹೇಳಿತು. ಈ ಸಲ ಹತ್ತು ಆಗದಿದ್ದರೆ ವಿಭಾಗಕ್ಕೆ ಬೀಗ, ಮತ್ತೆ ತೆಗೆಯುವ ಮಾತೇ ಇಲ್ಲ. ಹಳೆಯ ವಿದ್ಯಾರ್ಥಿಗಳೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು ಹುಡುಕಾಟಕ್ಕೆ ಇಳಿದೆವು. ತಮ್ಮನ ಮಗ, ಮನೆ ಮಾಲೀಕರ ಮಗಳು, ಯಾರನ್ನೂ ಬಿಡಲಿಲ್ಲ. ಅಂತೂ ಒಂಬತ್ತು ಆಯಿತು. ಪ್ರವೇಶದ ಕಡೆಯ ದಿನಕ್ಕೆ ಒಂದು ತಲೆ ಕಡಿಮೆ.

ಆಗ ನನಗೆ ನೆನಪಾದದ್ದು ರಾಮಥಾಳದ ನಮ್ಮ ಸೋದರಮಾವನ ಮಗಳು ಮಾಳಮ್ಮ. ಪಿ.ಯು.ಸಿ. ವಿಜ್ಞಾನ ಪಾಸಾಗಿದ್ದಳು. ಗುಬ್ಬಿಯಂಥ ಹುಡುಗಿ, ದನಿಯೇ ಹೊರಡದು. ಅಕ್ಕ ಬಾವಿಗೆ ಬೀಳು ಅಂದರೂ ಬೀಳುವವಳು. ಮಾವನಿಗೆ ಫೋನ್ ಮಾಡಿ, ನನ್ನ ಹಂಗ ಇಕಿನೂ ಸರಕಾರಿ ನೌಕರಿ ಮಾಡಬೇಕಂದ್ರ ಕಳಸ್ರಿ ಅಂದೆ. ಮಾವ ಮರುಮಾತಾಡಲಿಲ್ಲ. ಕಚೇರಿಗೆ ರಜೆ ಹಾಕಿ, ಹುನಗುಂದದಲ್ಲಿ ಅವಳನ್ನು ಬಸ್ ಹತ್ತಿಸಿಕೊಂಡು, ಗೆದ್ದ ಸಂಭ್ರಮದಲ್ಲಿ ಇಳಕಲ್ಲಿಗೆ ಹೋದೆ.

ಸರ್ ಪ್ರಯೋಗಶಾಲೆಯಲ್ಲಿ ಕಾಯುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತ ರೀತಿಯಲ್ಲೇ ಅವರಿಗೆ ಎಷ್ಟು ಸಮಾಧಾನವಾಯಿತೆಂದು ತಿಳಿಯುತ್ತಿತ್ತು. ಮಾಳಮ್ಮನನ್ನು ಕೂರಿಸಿ, ಒಳ್ಳೊಳ್ಳೆಯ ಕಲ್ಲುಗಳನ್ನೆಲ್ಲ ಮೇಜಿನ ಮೇಲೆ ಹರವಿ ಒಂದೊಂದರ ಕಥೆ ಹೇಳತೊಡಗಿದರು. ಅವರ ಕಥೆಗೆ ಬಾಯಿ ಬಿಡದವರನ್ನು ನಾನು ನೋಡಿಲ್ಲ. ಮಾಳಮ್ಮ ಮಾತ್ರ ಕಲ್ಲಿನ ಕಡೆ ನೋಡುತ್ತಿರಲಿಲ್ಲ, ಸರ್ ಕೈ ನೋಡುತ್ತಿದ್ದಳು. ಅವರ ಬಲಗೈಯ ಹೆಬ್ಬೆರಳಿಗೆ ಎರಡು ದಿನದ ಹಿಂದೆ ಸುತ್ತಿಗೆ ಬಡಿದು ಗಾಯವಾಗಿತ್ತು, ಅದಕ್ಕೊಂದು ಹಳೆಯ ಅರಿವೆ ಸುತ್ತಿಕೊಂಡಿದ್ದರು. ಕಥೆಯ ನಡುವೆ ಅವಳು ಮೆಲ್ಲಗೆ, ಅದನ್ನ ಬಿಚ್ಚಲೇನ್ರಿ ಸರ್ ಎಂದು ಕೇಳಿದಳು. ಬಿಚ್ಚಿದಳು, ಅಲ್ಲೇ ನಲ್ಲಿಯ ಕೆಳಗೆ ತೊಳೆದಳು, ತನ್ನ ಬ್ಯಾಗಿನಿಂದ ಶುಭ್ರವಾದ ಕರವಸ್ತ್ರ ತೆಗೆದು ಹರಿದು ಅಚ್ಚುಕಟ್ಟಾಗಿ ಕಟ್ಟಿದಳು. ಇವತ್ತೇ ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೋರಿ, ಕಬ್ಬಿಣ ತಾಗಿದ್ದು ಅಂದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಸರ್ ತಮ್ಮ ಹೆಬ್ಬೆರಳಿನ ಕಟ್ಟನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದರು.

"ತಂಗಿ, ಇಲ್ಲಿ ನಾನೂ ಇಲ್ಲ, ನಿಮ್ಮಕ್ಕನೂ ಇಲ್ಲ ಅಂತ ತಿಳಕೋ. ನಿನಗ ಏನ್ ಓದಬೇಕಂತ ಐತಿ?"

ಮಾಳಮ್ಮ ನನ್ನ ಕಡೆ ನೋಡಿದಳು. ಸರ್, ಅಕ್ಕನ ಕಡೆ ನೋಡಬ್ಯಾಡ ಅಂದರು.

"ನರ್ಸಿಂಗ್ ರಿ," ಅಂದಳು ಅವಳು.

"ಮತ್ತ ಅದನ್ನ ಓದು."

ನನಗೆ ನೆತ್ತಿಗೇರಿತು. ಕಡೆಯ ದಿನ, ಕಡೆಯ ಹುಡುಗಿ, ಕೈಗೆ ಬಂದ ತುತ್ತು. ಸರ್‌ಗೆ ಅರಳುಮರಳು ಎಂದೇ ಅಂದುಕೊಂಡೆ. ನರ್ಸಿಂಗ್‌ಗೆ ಮುಂದಿನ ವರ್ಷ ಹೋದರಾಯಿತು, ಈಗ ಹೆಸರಿಗಾದರೂ ಇಲ್ಲಿ ಸೇರಿಸೋಣ, ವಿಭಾಗ ಉಳಿಯಲಿ ಎಂದೆ. ಹೆಸರಿಗೆ ಸೇರಿದವರು ಹೆಸರಿಗೇ ಓದುತ್ತಾರೆ ಎಂದು ಸರ್ ಕಪಾಟಿಗೆ ಬೀಗ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಬಾಗಲಕೋಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ತಮಗೆ ಗುರುತಿನವರು ಇದ್ದಾರೆ, ಅಲ್ಲಿ ಪ್ರವೇಶ ಇನ್ನೂ ನಡೆದಿದೆ, ಈಗಲೇ ಹೊರಟರೆ ಸಿಗುತ್ತಾರೆ ಎಂದು ನಮ್ಮ ಜೊತೆಗೆ ತಾವೂ ಬಸ್ ಹತ್ತಿದರು. ಇಳಕಲ್ಲಿನ ಕಾಲೇಜಿನಲ್ಲಿ ಅತ್ತ ಸಂಜೆಯಾಗುತ್ತಿತ್ತು, ಒಂಬತ್ತು ಒಂಬತ್ತಾಗಿಯೇ ಉಳಿಯುತ್ತಿತ್ತು.

ಬಸ್ಸಿನಲ್ಲಿ ಮಾಳಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ನಾನು, ಸರ್ ಹಿಂದೆ. ಹುನಗುಂದ ದಾಟಿತು. ಸಿಟ್ಟು ತಡೆಯಲಾರದೆ ಕಡೆಗೆ ಕೇಳಿಯೇಬಿಟ್ಟೆ, ಆವತ್ತು ನನ್ನನ್ನು ಮಾತ್ರ ಹಿಂದೆ ಮುಂದೆ ನೋಡದೆ ಎಳೆದುಕೊಂಡು ಬಂದಿರಲ್ಲ ಎಂದು.

"ಹೌದು," ಅಂದರು ಸರ್. "ನಿನ್ನ ಕೇಳಲಿಲ್ಲ. ದೇವ್ರ ಕಳಿಸ್ಯಾನ ಅಂತ ಸುಮ್ಕಾದೆ. ನನಗ ಹತ್ತು ಬೇಕಾಗಿತ್ತು. ಆಮ್ಯಾಲೆ ನಿನಗ ನೌಕರಿ ಸಿಗಲಿಲ್ಲ ನೋಡು, ಆಗ ತಿಳೀತು ನಾ ಏನ್ ಮಾಡೀನಿ ಅಂತ. ನಿಮ್ಮ ಓಣಿಗೆ ಬರೂದು ಬಿಟ್ಟಿದ್ದು ನಿಮ್ಮವ್ವನ ಅಂಜಿಕಿಗೆ ಅಲ್ಲ. ನಿನ್ನ ಮಾರಿ ನೋಡಾಕ ಆಗ್ತಿರಲಿಲ್ಲ."

ಇಷ್ಟು ವರ್ಷ ನಾವು ನಕ್ಕ ಸಂಗತಿಯನ್ನು ಈ ಮನುಷ್ಯ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದರು. ಬಸ್ಸು ಅಮೀನಗಡದಲ್ಲಿ ನಿಂತಿತು, ಕರದಂಟು ಮಾರುವವರು ಕಿಟಕಿಗೆ ಬಂದರು, ಹೋದರು.

"ಆಗ ಕೇಳಿದ್ರ ಏನಂತಿದ್ದಿ?" ಎಂದು ಸರ್ ಕೇಳಿದರು.

ಕನ್ನಡ ಟೀಚರ್ ಅಂತಿದ್ದೆ ಎಂದೆ. ಅವರ ಮುಖ ಬಾಡಿತು. ಈಗ ಕೇಳ್ರಿ ಎಂದೆ. ಅವರು ಕೇಳಲಿಲ್ಲ, ಅಂಜಿದರೋ ಏನೋ. ಕೇಳದಿದ್ದರೂ ನಾನೇ ಹೇಳಿದೆ. ಇವತ್ತು ಯಾರಾದರೂ ನನ್ನನ್ನು ಈ ಕೆಲಸದಿಂದ ತೆಗೆದು ಕನ್ನಡ ಟೀಚರ್ ಮಾಡುತ್ತೇನೆಂದರೆ ನಮ್ಮವ್ವನಿಗಿಂತ ಜೋರಾಗಿ ಬೈದು ಕಳಿಸುತ್ತೇನೆ ಎಂದೆ. ಸರ್ ನಕ್ಕರು. ಆದರೆ ಆ ನಗು ಪೂರ್ತಿಯಾಗಲಿಲ್ಲ. ನಿನ್ನ ವಿಷಯದಾಗ ನಾ ಪಾರಾಗೀನಿ, ಎಲ್ಲಾರ ವಿಷಯದಾಗ ಹಂಗ ಆಗಂಗಿಲ್ಲ ಎಂದು ಕಿಟಕಿಯ ಹೊರಗೆ ನೋಡತೊಡಗಿದರು. ಮಾಳಮ್ಮನ ಪ್ರವೇಶ ಆ ದಿನವೇ ಆಯಿತು. ಮಾವನಿಗೆ ಫೋನ್ ಮಾಡಿ ಒಪ್ಪಿಸಿದ್ದು ಸರ್.

ವಿಭಾಗ ಮುಚ್ಚಿತು. ಸೇರಿದ್ದ ಒಂಬತ್ತು ಮಂದಿಯನ್ನು ಬೇರೆ ವಿಷಯಗಳಿಗೆ ಹಂಚಿದರು. ಕಲ್ಲುಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕೆಳಗಿನ ಕೋಣೆಗೆ ಸಾಗಿಸಿದರು. ಹಿಂದಿನ ಬ್ಯಾಚುಗಳ ಪಾಠ ಮುಗಿಸುತ್ತ ಸರ್‌ಗೆ ಉಳಿದದ್ದು ಎಲ್ಲರಿಗೂ ಕಡ್ಡಾಯವಿದ್ದ ಪರಿಸರದ ಪೇಪರು. ಬಿ.ಕಾಂ. ಹುಡುಗರು ಕಿಕ್ಕಿರಿದ ದೊಡ್ಡ ಹಾಲಿನಲ್ಲಿ ಮೈಕು ಹಿಡಿದು ಪಾಠ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಕೆಲವರು ನನ್ನ ಮೇಲೆ, ಕೆಲವರು ಸರ್ ಮೇಲೆ ಮುನಿಸಿಕೊಂಡರು. ಒಬ್ಬ ಹುಡುಗಿ ಸೇರಿದ್ದರೆ ಸರ್ ನಿವೃತ್ತಿಯ ತನಕವಾದರೂ ದೂಡಬಹುದಿತ್ತು ಎಂದು ನಾನೂ ಒಳಗೊಳಗೆ ಅಂದುಕೊಳ್ಳುತ್ತಿದ್ದೆ. ಸರ್‌ಗೆ ನೋವಾಗಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಲ್ಯಾಬ್ ಇದ್ದ ಮಹಡಿಯ ಮೆಟ್ಟಿಲು ಹತ್ತೂದು ನನ್ನ ಕೈಲಿ ಆಗವಲ್ದು ಎಂದು ಒಮ್ಮೆ ಹೇಳಿದ್ದರು.

ಕಳೆದ ವರ್ಷ ಅವರ ಬೀಳ್ಕೊಡುಗೆ ನಡೆಯಿತು. ಮಾಳಮ್ಮ ಬಾಗಲಕೋಟೆಯ ಆಸ್ಪತ್ರೆಯಲ್ಲಿ ತರಬೇತಿಯ ಡ್ಯೂಟಿ ಮುಗಿಸಿ, ನಿದ್ದೆಗಣ್ಣಿನಲ್ಲೇ ನನ್ನ ಜೊತೆ ಬಂದಿದ್ದಳು. ಶಾಲು, ಹಾರ, ಒಬ್ಬರಾದ ಮೇಲೊಬ್ಬರ ಭಾಷಣ. ವಿಭಾಗ ಉಳಿಸಲು ಸರ್ ಪಟ್ಟ ಕಷ್ಟವನ್ನೂ, ವಿಧಿ ಕೈಕೊಟ್ಟದ್ದನ್ನೂ ಪ್ರಿನ್ಸಿಪಾಲರು ಕಣ್ಣು ತುಂಬಿಕೊಂಡು ವರ್ಣಿಸಿದರು. ಸರ್ ಸರದಿ ಬಂತು. ಮೈಕಿನ ಮುಂದೆ ನಿಂತು ಸಭೆಯನ್ನೆಲ್ಲ ಒಮ್ಮೆ ನೋಡಿದರು. ನಮ್ಮ ಸಾಲಿಗೆ ಬಂದಾಗ ಅವರ ಕಣ್ಣು ನಿಂತಿತು. ಮಾಳವ್ವ, ಎದ್ದು ನಿಲ್ಲು ಅಂದರು. ಅವಳು ಗಾಬರಿಯಿಂದ ಎದ್ದಳು. ಇಕಿ ಯಾವ ಬ್ಯಾಚು ಸರ್ ಎಂದು ಪ್ರಿನ್ಸಿಪಾಲರು ವೇದಿಕೆಯಿಂದಲೇ ಕೇಳಿದರು.

"ಇಕಿ ಬಂದಿದ್ರ ನಮ್ಮ ವಿಭಾಗ ಉಳೀತಿತ್ತು," ಅಂದರು ಸರ್. "ನನ್ನ ಸರ್ವೀಸ್ ಉದ್ದಕ್ಕೂ ಎಲ್ಲಾರಿಗೂ ನಮ್ಮ ವಿಷಯ ತಗೋರಿ, ತಗೋರಿ ಅಂತ ಹೇಳೀನಿ. ನಿನಗ ಏನ್ ಬೇಕು ಅಂತ ಕೇಳಿದ್ದು ಇಕಿ ಒಬ್ಬಾಕಿನ್ನ."

ಇಷ್ಟು ಹೇಳಿ ಕೂತುಬಿಟ್ಟರು. ಚಪ್ಪಾಳೆ ತಟ್ಟಬೇಕೋ ಬಿಡಬೇಕೋ ತಿಳಿಯದೆ ಸಭಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಡು ಅನ್ನುವವರಿಲ್ಲದೆ ಮಾಳಮ್ಮ ನಿಂತೇ ಇದ್ದಳು. ನಾನು ಕೈ ಹಿಡಿದು ಕೂರಿಸಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು, ನಾ ಏನ್ ತಪ್ಪು ಮಾಡೀನಕ್ಕ ಎಂದು ಕೇಳಿದಳು.

"ಏನೂ ಇಲ್ಲ," ಅಂದೆ. "ನೀ ಖರೆ ಹೇಳಿದ್ದಿ, ಅಷ್ಟ."